ಎರಡು ಗಾಲಿ ಕೊಟ್ಟು ನಾಲ್ಕು ಗಾಲಿ

ಅದಕ್ಕೆ ನಾನು ಕೊಟ್ಟದ್ದು ಒಂದು ಸೈಕಲ್. ಕ್ಯಾರಿಯರ್, ಸ್ಟ್ಯಾಂಡು, ಡೈನಮೋ ಲೈಟು, ಹಿಂದಿನ ಮಡ್‌ಗಾರ್ಡಿನ ಕೆಂಪು ಗಾಜು, ಎಲ್ಲ ಸೇರಿ. ಯಾಕೆ ಕೊಟ್ಟೆ ಎಂದು ಕೇಳಿದವರಿಗೆಲ್ಲ ಆಗ ನನ್ನ ಬಳಿ ಒಂದು ಪಕ್ಕಾ ಉತ್ತರವಿತ್ತು: ಎರಡು ಗಾಲಿ ಕೊಟ್ಟು ನಾಲ್ಕು ಗಾಲಿ ತಗೊಂಡೆ. ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಇಂದಿಗೂ ನನಗೆ ಯಾರೂ ಬಿಡಿಸಿ ತೋರಿಸಿಲ್ಲ. ನಕ್ಕರು, ಅಷ್ಟೇ. ನಗುವುದನ್ನು ನಾನು ಉತ್ತರ ಎಂದು ಒಪ್ಪುವುದಿಲ್ಲ.

ಇದೆಲ್ಲ ಈಗ ನೆನಪಾಗಲು ನನ್ನದೊಂದು ಚಟ ಕಾರಣ. ನಿಪ್ಪಾಣಿಯಲ್ಲಿ ನನ್ನದು ಬೇರಿಂಗು, ಬೆಲ್ಟು, ನಟ್ಟು-ಬೋಲ್ಟಿನ ಅಂಗಡಿ. ಗಿರಾಕಿ ಸಣ್ಣ ಬೇರಿಂಗು ಕೇಳಿದರೆ ನಾನು ಹಾಗೇ ಪೊಟ್ಟಣ ಕಟ್ಟಿ ಕೊಡುವವನಲ್ಲ. ಕಿರುಬೆರಳಿಗೆ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು, ಒಮ್ಮೆ ತಿರುಗಿಸುತ್ತೇನೆ. ಒಳ್ಳೆಯದಾದರೆ ಮಲಗಿದ ಕೂಸಿನ ಉಸಿರಿನಂಥ ಸಪ್ಪಳ ಬರುತ್ತದೆ. ಕೆಟ್ಟದ್ದಾದರೆ ಊಟದಲ್ಲಿ ಹರಳು ಸಿಕ್ಕಂತೆ. ಮೊನ್ನೆ ಊಟದ ಡಬ್ಬಿ ತಂದ ಹೆಂಡತಿ ಬಹಳ ಹೊತ್ತು ಕಾದು ಹೇಳಿದಳು, "ಅದೇನ್ ಟ್ರಾನ್ಸಿಸ್ಟರ್ ಏನ್ರೀ, ಕಿವಿಗೆ ಹಚ್ಕೊಂಡ್ ಕುಂದ್ರಾಕ? ಯಾರ್ ಕಲಿಸ್ಯಾರ ನಿಮಗ ಇದನ್ನ?"

ಯಾರು ಕಲಿಸಿದರು ಎಂದು ಯೋಚಿಸಿದೆ. ಒಂದು ಹಲಿಗೆ ಕಲಿಸಿತು ಎನ್ನಬೇಕಾಯಿತು. ಅದನ್ನು ಹೆಂಡತಿಗೆ ಹೇಳುವುದಕ್ಕಿಂತ ನಿಮಗೆ ಹೇಳುವುದು ಸುಲಭ.

ನಾನು ಹುಟ್ಟಿದ್ದು ಕರೋಶಿಯಲ್ಲಿ. ನಮ್ಮ ಬಾಲ್ಯದಲ್ಲಿ ಗಾಲಿ ಎಂದರೆ ಹರಿದ ಹವಾಯಿ ಚಪ್ಪಲಿ. ಚಪ್ಪಲಿಯ ಮೇಲೆ ಬಟ್ಟಲು ಬೋರಲಿಟ್ಟು ಗೆರೆ ಎಳೆದು ಕುಡಗೋಲಿನಿಂದ ಕೊಯ್ದರೆ ಒಂದು ಜೋಡಿಗೆ ನಾಲ್ಕು ಗಾಲಿ. ಜೋಳದ ದಂಟಿನ ಅಚ್ಚು, ಜಾಲಿಮುಳ್ಳಿನ ಕೀಲು. ಇಲ್ಲಿ ಒಂದು ಗುಟ್ಟಿದೆ. ಹಿಮ್ಮಡದ ಕಡೆ ಚಪ್ಪಲಿ ಸವೆದಿರುತ್ತದೆ, ಅಲ್ಲಿಂದ ಕೊಯ್ದ ಗಾಲಿ ತೆಳುವು. ಬೆರಳಿನ ಕಡೆಯದು ದಪ್ಪ. ಓಣಿಯ ಉಳಿದ ಹುಡುಗರು ನಾಲ್ಕನ್ನೂ ಒಂದೇ ಗಾಡಿಗೆ ಸಿಕ್ಕಿಸಿ, ಅದು ಯಾಕೆ ವಾಲುತ್ತದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ದಪ್ಪ ಗಾಲಿಗಳನ್ನು ಇಟ್ಟುಕೊಂಡು ತೆಳುವನ್ನು ಅವರಿಗೆ ಗೋಲಿಗಳಿಗೆ ಬದಲು ಕೊಡುತ್ತಿದ್ದೆ. ಪಾಪ, ಅವರು ಖುಷಿಯಿಂದಲೇ ಒಯ್ಯುತ್ತಿದ್ದರು.

ಸೈಕಲ್ ಕೂಡ ಹಾಗೇ ಬಂದದ್ದು. ಅಜ್ಜಿ ಒಂದು ಹ್ಯಾಟಿಕೋಳಿ ಕೊಟ್ಟಳು. ಅದರ ಮರಿಗಳು ಬೆಳೆದ ಮೇಲೆ ಅವನ್ನು ಕೊಟ್ಟು ಒಂದು ಆಡು. ಆಡು ಈದ ಮೇಲೆ ತಾಯಿ-ಮರಿ ಎರಡನ್ನೂ ಕೊಟ್ಟು, ವರ್ಗವಾಗಿ ಹೊರಟ ಅವಸರದಲ್ಲಿದ್ದ ಒಬ್ಬ ಮಾಸ್ತರರ ಸೈಕಲ್. ಆ ಮಾಸ್ತರರು ಆಡು ಕಟ್ಟಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಂಡಕ್ಟರ್ ಏನೆಂದ ಎಂಬುದು ಗೊತ್ತಾಗಲಿಲ್ಲ.

ಹತ್ತನೆಯ ಇಯತ್ತೆ ಮಾತ್ರ ಯಾವ ಬದಲಿಗೂ ಸಿಗಲಿಲ್ಲ. ಎರಡನೆಯ ಸಲವೂ ಫೇಲಾದಾಗ ಅಪ್ಪ ನನ್ನನ್ನು ಸೈಕಲ್ ಸಮೇತ ಜುಗೂಳಕ್ಕೆ, ದಾದೂ ಮಾಮಾನ ಮನೆಗೆ ಅಟ್ಟಿದ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವ್ವನ ತಮ್ಮನಾದ ಈ ಮಾಮಾ ದನದ ದಲಾಲ. ಅಥಣಿ ಸಂತೆಯಲ್ಲಿ ಅವನು ನಡೆದು ಬಂದರೆ ಎತ್ತುಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಹಲ್ಲು ನೋಡುವುದು, ಸುಳಿ ಹುಡುಕುವುದು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುವುದು, ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಮುಂಗೈ ಮೇಲೆ ಹಾಸುವುದು. ಅದರ ಕೆಳಗೆ ಕೊಳ್ಳುವವನ ಕೈಯೂ ಮಾರುವವನ ಕೈಯೂ ಬೆರಳು ಹಿಡಿದು ಬೆಲೆ ಹೇಳಿಕೊಳ್ಳುತ್ತಿದ್ದವು. ಸುತ್ತ ಜನ ಕಿಕ್ಕಿರಿದಿದ್ದರೂ ಬಾಯಿಂದ ಒಂದು ಮಾತಿಲ್ಲ. ಟವೆಲ್ ಮಾತ್ರ ಒಳಗೆ ಇಲಿ ಹೊಕ್ಕಂತೆ ಅಲುಗಾಡುವುದು.

ನನಗೆ ಬೇರೇನೂ ಬೇಕಿರಲಿಲ್ಲ. ಆ ಟವೆಲ್ಲಿನ ಕೆಳಗೆ ನನ್ನ ಕೈ ಹೋಗಬೇಕಿತ್ತು.

ಮಾಮಾ ತಂಬಾಕು ತಿಕ್ಕುತ್ತ ಹೇಳಿದ, "ಬಾಳ್ಯಾ, ಬಾಯಿ ಎಲ್ಲಾರಿಗೂ ಐತಿ. ಕಣ್ಣ ಐತೇನ ನೋಡೂಣು. ಒಂದ್ ಮಾಲ್ ನೀನ ಆರಿಸಿ ತಗೋ, ನೀನ ದಾಟ್ಸು. ಮುಂದಿನ ಅಥಣಿ ಸಂತಿ ಬರೂದ್ರೊಳಗ ಫಾಯದೆ ಮಾಡಿ ತೋರಿಸಿದಿ ಅಂದ್ರ ನನ್ನ ಜೋಡಿ ನಡಿ. ಇಲ್ಲಂದ್ರ ನಿಮ್ಮಪ್ಪನ ಕಬ್ಬಿನ್ಯಾಗ ರವದಿ ಸುಲಕೋತ ಕುಂದ್ರು."

ಎದುರಿಗೆ ಪಾಟೀಲರ ವಾಡೆ. ದ್ರಾಕ್ಷಿ, ಅರಿಷಿಣ ಬೆಳೆಯುವ ಜೈನರ ದೊಡ್ಡ ಮನೆತನ. ಅವರ ಮೊಮ್ಮಗ ಸನ್ಮತಿ, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ, ರಜೆಗೆಂದು ಮುಂಬಯಿಯಿಂದ ಬಂದಿದ್ದ. ಕಾಲ ಸಂದಿಯಲ್ಲಿ ಒಂದು ಹಲಿಗೆ ಇಟ್ಟುಕೊಂಡು ಕಟ್ಟೆಯ ಮೇಲೆ ಸಪ್ಪೆ ಮುಖ ಮಾಡಿ ಕುಳಿತಿರುತ್ತಿದ್ದ. ಹಲಿಗೆಯ ಕೆಳಗೆ ನಾಲ್ಕು ಹಳದಿ ಗಾಲಿ. ಹಡಗಿನಲ್ಲಿ ಕೆಲಸ ಮಾಡುವ ಅವನ ಕಾಕಾ ತಂದುಕೊಟ್ಟದ್ದಂತೆ.

"ಏನಿದು?" ಎಂದೆ.

"ಸ್ಕೇಟ್‌ಬೋರ್ಡ್."

"ಎದಕ?"

"ಮ್ಯಾಲೆ ನಿಂತು ಹೋಗೂದು."

"ಎಲ್ಲಿಗೆ?"

ಅವನು ಸ್ವಲ್ಪ ಯೋಚಿಸಿ ಮರಾಠಿಯಲ್ಲಿ, "ಕುಠಂ ನಾಹಿ ರೆ. ಅಸಂಚ್," ಎಂದ. ಎಲ್ಲಿಗೂ ಇಲ್ಲ, ಸುಮ್ಮನೆ.

ಎಲ್ಲಿಗೂ ಹೋಗದ ವಾಹನ. ನನ್ನ ತಲೆಯೊಳಗೆ ಗೊಂದಲ ಹೊಕ್ಕಿದ್ದು ಆ ಕ್ಷಣದಲ್ಲಿ, ಇನ್ನೂ ಪೂರ್ತಿ ಹೊರಬಿದ್ದಿಲ್ಲ. ಆದರೆ ಅವನ ಕಣ್ಣು ನನ್ನ ಸೈಕಲ್ಲಿನ ಮೇಲಿತ್ತು. ಜುಗೂಳದ ಕರಿಮಣ್ಣಿನ ಹಾದಿಯಲ್ಲಿ ಹಲಿಗೆ ಒಂದು ಮಾರೂ ಉರುಳುತ್ತಿರಲಿಲ್ಲ. ಸೈಕಲ್ ಇದ್ದರೆ ಹೊಳೆಯ ದಂಡೆಗುಂಟ ದಿನವೆಲ್ಲ ತಿರುಗಬಹುದು. ಬೇಕೆಂಬ ಗರಜು ಅವನದು ಎಂದು ಗೊತ್ತಾದ ಮೇಲೆ ನಾನು ಕೈಕಟ್ಟಿ ಕೂರುವವನೇ?

ಹಲಿಗೆಯನ್ನು ಮಾಮಾ ಎತ್ತನ್ನು ನೋಡುವಂತೆ ನೋಡಿದೆ. ಸುತ್ತ ಒಂದು ಸುತ್ತು ಬಂದೆ. ಬೆನ್ನು ತಟ್ಟಿದೆ. ಮೇಲ್ಮೈ ಪಾಲಿಶ್ ಕಾಗದದ ಹಾಗೆ ಒರಟಾಗಿತ್ತು, ಅದು ತೊಗಲಿನ ರೋಗವಿರಬಹುದೆಂದು ಮುಖ ಹಿಂಡಿದೆ. ಆಮೇಲೆ ಅಂಗಾತ ಮಾಡಿ ಅಚ್ಚು ಹಿಡಿದು ಅಲ್ಲಾಡಿಸಿದರೆ, ಸಿಕ್ಕಿತು ಐಬು! ಅಚ್ಚು ಆ ಕಡೆ ಈ ಕಡೆ ಓಲಾಡುತ್ತಿತ್ತು. ಮುಂದಿನದೂ, ಹಿಂದಿನದೂ.

"ಕಾಲ ಲಟಪಟ ಅಂತಾವಲ್ಲೋ ಇದರವು."

"ತಸಂಚ್ ಅಸತಂ," ಎಂದ ಸನ್ಮತಿ. ಅದು ಇರೋದೇ ಹಾಗೆ.

ಕುಂಟು ಎತ್ತು ಮಾರುವ ಪ್ರತಿಯೊಬ್ಬನೂ ಸಂತೆಯಲ್ಲಿ ಇದನ್ನೇ ಹೇಳುತ್ತಾನೆ, 'ಅದು ಹುಟ್ಟಾ ಹಂಗ ಐತ್ರಿ' ಎಂದು. ನಾನು ನಕ್ಕು ಎದ್ದು ಹೊರಟಂತೆ ಮಾಡಿದೆ. ಹೊರಟಂತೆ ಮಾಡುವುದರಲ್ಲಿ ಒಂದು ಹದವಿದೆ: ಬೆನ್ನು ತಿರುಗಿಸಬೇಕು, ಕಿವಿ ತಿರುಗಿಸಬಾರದು. ಹಿಂದಿನಿಂದ "ಥಾಂಬ್ ರೆ, ನಿಲ್ಲೋ" ಎಂದು ಕೇಳಿತು. ಐಬಿನ ಸಲುವಾಗಿ ನಾಲ್ಕು ಬಿಡಿ ಗಾಲಿ, ನಟ್ಟು ಬಿಚ್ಚುವ ಒಂದು ಪಾನಾ ಹೆಚ್ಚಿಗೆ ಕಿತ್ತುಕೊಂಡೆ. ಅವನು "ಘೇ ಬಾಬಾ, ತಗೋ" ಎಂದು ಕೈಮುಗಿದು, ಸೈಕಲ್ ಹತ್ತಿ ಹಿಂದೆ ನೋಡದೆ ಹೋದ. ಗೆದ್ದವರು ಹಾಗೆ ಹೋಗುತ್ತಾರೋ ಸೋತವರು ಹಾಗೆ ಹೋಗುತ್ತಾರೋ ಎಂದು ನನಗೆ ಸ್ವಲ್ಪ ಅನುಮಾನ ಬಂತು.

ಮಾಮಾ ಹಲಿಗೆಯ ಸುತ್ತ ತಾನೂ ಒಂದು ಸುತ್ತು ಬಂದ.

"ಇದರ ಮುಖ ಯಾವ ಕಡೆ?"

"ಎರಡೂ ಕಡೆ ಹೊಕ್ಕೈತಿ ಮಾಮಾ."

"ಎರಡೂ ಕಡೆ ಮುಖ ಇದ್ದ ಮಾಲ್ ನಾ ಇಲ್ಲೀತನಕ ಮಾರಿಲ್ಲಪಾ," ಎಂದು ಅವನು ಕಾಲ್ಬೆರಳಿಂದ ಸ್ವಲ್ಪ ನೂಕಿದ. ಅದು ಸರ್ರನೆ ಹೋಗಿ ಹೊರಸಿನ ಕೆಳಗಿನ ತಂಬಿಗೆಗೆ ಬಡಿಯಿತು. ಅತ್ತಿ, ಎಂದರೆ ಮಾಮಾನ ಹೆಂಡತಿ, ಒಳಗಿನಿಂದ ಬೈಯುತ್ತ ಬಂದವಳು ಹಲಿಗೆಯ ಒರಟು ಮೈ ಮುಟ್ಟಿ ನೋಡಿ ಸುಮ್ಮನಾದಳು. ಮರುದಿನದಿಂದ ಸ್ನಾನದ ಹೊತ್ತಿಗೆ ಅದು ಬಚ್ಚಲಲ್ಲಿರುತ್ತಿತ್ತು. "ಹಿಮ್ಮಡ ತಿಕ್ಕಾಕ ಏನ್ ಚಂದ ಐತಿ ಬಾಳೂ, ಇದನ್ನ ಮಾರಬ್ಯಾಡ," ಎನ್ನುತ್ತಿದ್ದಳು. ಇಡೀ ಜುಗೂಳದಲ್ಲಿ ಆ ವಸ್ತುವಿನ ಉಪಯೋಗದ ಬಗ್ಗೆ ಗೊಂದಲವಿಲ್ಲದವಳು ಅವಳೊಬ್ಬಳೇ.

ಉಳಿದವರೆಲ್ಲ ಒಂದೊಂದು ಹೇಳಿದರು. ಹಾಲಿನ ಕ್ಯಾನಿಡಲು ಎಂದರು, ಕೂಸಿಗೆ ನಡಿಗೆ ಕಲಿಸಲು ಎಂದರು. ಹಿಟ್ಟಿನ ಗಿರಣಿಯ ಮಲ್ಲಪ್ಪ ಮಾತ್ರ ನಿಜವಾದ ಗಿರಾಕಿಯಂತೆ ಕಂಡ. ಗೋಧಿ ಚೀಲವನ್ನು ಬಾಗಿಲಿನಿಂದ ಗಿರಣಿಯವರೆಗೆ ತಳ್ಳಲು ಬೇಕು ಎಂದ. ಚೀಲ ಇಟ್ಟೆವು. ಅರ್ಧ ದಾರಿಯಲ್ಲಿ ಅಚ್ಚು ಓಲಿತು, ಹಲಿಗೆ ವಾಲಿತು, ಚೀಲ ಮಗುಚಿ ಗೋಧಿಯೆಲ್ಲ ನೆಲಕ್ಕೆ. ಮಲ್ಲಪ್ಪ ಮೊರದಲ್ಲಿ ಗೋಧಿ ಬಳಿಯುತ್ತ, "ಮೊದ್ಲ ಇದರ ಕಾಲ ನೆಟ್ಟಗ ಮಾಡಿಸ್ಕೊಂಡ್ ಬಾರಲೇ, ಆಮ್ಯಾಲ ಯಾಪಾರ," ಎಂದ.

ಕಾಲು ನೆಟ್ಟಗೆ ಮಾಡಿಸಲು ಕಾಗವಾಡದ ಇಸ್ಮಾಯಿಲ್ ಮಿಸ್ತ್ರಿಯ ಬಳಿಗೆ ಹೋದೆ. ಕಬ್ಬಿನ ಟ್ರೇಲರುಗಳನ್ನು ಕಟ್ಟುವ ಕೈ ಅವನದು. ನಡುವಿನ ದೊಡ್ಡ ನಟ್ಟು ಬಿಚ್ಚಿದವನೇ ಒಳಗಿನಿಂದ ಬಂದ ರಬ್ಬರ್ ಬಳೆಗಳನ್ನು ಎತ್ತಿ ಹಿಡಿದು ಗಹಗಹಿಸಿದ.

"ಅಚ್ಚಿನ್ಯಾಗ ರಬ್ಬರ್! ಯಾ ಅಲ್ಲಾ! ಗಾಡಿ ಮಾಡ್ಯಾನೋ ಚಪ್ಲಿ ಮಾಡ್ಯಾನೋ ಇವ?"

"ಹೌದಲ್ರೀ," ಎಂದೆ ನಾನೂ ನಗುತ್ತ. ಟ್ರೇಲರಿನ ಅಚ್ಚು ಓಲಾಡಿದರೆ ಕಬ್ಬು ಕಾಲುವೆಯ ಪಾಲು. ಚಕ್ಕಡಿಯ ಅಚ್ಚು ಓಲಾಡಿದರೆ ಎತ್ತಿನ ಹೆಗಲು ಹುಣ್ಣು. ನಮ್ಮ ಸೀಮೆಯಲ್ಲಿ ಅಲುಗಾಡುವ ಅಚ್ಚು ಎಂದರೆ ಕೆಟ್ಟ ಅಚ್ಚು, ಅದರಲ್ಲಿ ಎರಡನೆಯ ಮಾತೇ ಇಲ್ಲ. ಮಿಸ್ತ್ರಿ ರಬ್ಬರ್ ತೆಗೆದು ಕಬ್ಬಿಣದ ವಾಶರುಗಳನ್ನು ತುಂಬಿ, ಪಾನಾಕ್ಕೆ ಪೈಪು ಸಿಕ್ಕಿಸಿ, ಮೈಭಾರ ಹಾಕಿ ಬಿಗಿದ. ಬಿಸಾಕಿದ ರಬ್ಬರುಗಳನ್ನು ನಾನು ಕಿಸೆಗೆ ಹಾಕಿಕೊಂಡೆ. ಪುಕ್ಕಟೆ ಬಿದ್ದದ್ದನ್ನು ಬಿಟ್ಟು ಬರುವ ರೂಢಿ ನನಗಿಲ್ಲ. ಮನೆಗೆ ಬಂದು, ಮಾಮಾನ ಚಕ್ಕಡಿಗೆ ಕಟ್ಟಿದ್ದ ಬಿದಿರು ಗೊಟ್ಟದಿಂದ ಕೀಲೆಣ್ಣೆ ತೆಗೆದು ಬೇರಿಂಗುಗಳಿಗೆ ಧಾರಾಳವಾಗಿ ಬಳಿದೆ. ಈಗ ಯಾರು ಬೇಕಾದರೂ ನೋಡಲಿ ಎನಿಸಿತು.

ಮಲ್ಲಪ್ಪ ನೋಡಿದ. ಚೀಲ ಕಲ್ಲಿನಂತೆ ಕುಳಿತಿತು. ಹಲಿಗೆ ಗೆರೆ ಹೊಡೆದಂತೆ ನೆಟ್ಟಗೆ ಹೋಯಿತು, ಹೋಗಿ ಗೋಡೆಗೆ ಮುಟ್ಟಿತು. ಹೊರಳಿಸಲು ಹೋದರೆ ಹೊರಳಲೊಲ್ಲದು. ಚೀಲ ಇಳಿಸಿ, ಹಲಿಗೆ ಎತ್ತಿ ತಿರುಗಿಸಿಟ್ಟು, ಮತ್ತೆ ಚೀಲ ಹೇರಬೇಕು. ಅಷ್ಟರಲ್ಲಿ ಗಿರಣಿಯ ಹಿಟ್ಟೆಲ್ಲ ಕೀಲೆಣ್ಣೆಗೆ ಮೆತ್ತಿ ಗಾಲಿಗಳಲ್ಲಿ ಕಣಕವಾಗಿತ್ತು.

"ಮೊದ್ಲ ಬೀಳತಿತ್ತು, ಈಗ ಹೊಳ್ಳವಲ್ದು," ಎಂದ ಮಲ್ಲಪ್ಪ. "ಇದು ಏನ್ ಮಾಡ್ತೈತಿ ಅಂತ ಒಂದ್ಸಲ ನಿಕ್ಕಿ ಮಾಡ್ಕೊಂಡ್ ಬಾರಪಾ."

ಅದನ್ನೇ ನಾನೂ ಹುಡುಕುತ್ತಿದ್ದೆ. ಅಲುಗಾಡಿದರೆ ಐಬು, ಬಿಗಿದರೆ ಅದಕ್ಕಿಂತ ದೊಡ್ಡ ಐಬು. ಇಂಥ ಮಾಲು ಸಂತೆಯಲ್ಲಿ ನಾನು ಕಂಡಿರಲಿಲ್ಲ. ಸಂತೆಯೋ, ನಾಳೆ ಎನ್ನುವಷ್ಟು ಹತ್ತಿರ ಬಂದಿತ್ತು. ಮಾಮಾ ಊಟಕ್ಕೆ ಕುಳಿತಾಗ ಒಮ್ಮೆ ಹಲಿಗೆಯ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದ, ಅಷ್ಟೇ.

ಸಂತೆಯ ಹಿಂದಿನ ದಿನ ಮಧ್ಯಾಹ್ನ ಸನ್ಮತಿ ಸೈಕಲ್ ತಳ್ಳಿಕೊಂಡು ಬಂದ. ಮರುದಿನ ಮುಂಬಯಿಗೆ ಹೊರಟವನು, ಒಂದು ಸಲ ಹಲಿಗೆ ನೋಡಬೇಕು ಎಂದ. ಕೈಗೆತ್ತಿಕೊಂಡು ಅಚ್ಚು ಅಲ್ಲಾಡಿಸಿದ. ಅಲ್ಲಾಡಲಿಲ್ಲ. ಗಾಲಿ ತಿರುಗಿಸಿದ. ತಿರುಗಲಿಲ್ಲ. ಅವನ ಮುಖ ಹೇಗಾಯಿತೆಂದರೆ, ನೆಂಟರ ಮನೆಯಲ್ಲಿ ಬಿಟ್ಟುಹೋದ ದನ ಬಡಕಲಾಗಿ ಎದುರು ನಿಂತಂತೆ.

"ಹೇ ಕಾಯ್ ಕೇಲಸ್ ರೆ? ಏನ್ ಮಾಡಿಟ್ಟೀಯೋ ಇದಕ್ಕ?"

"ನೆಟ್ಟಗ ಮಾಡ್ಸೀನಿ," ಎಂದೆ ಸ್ವಲ್ಪ ಹೆಮ್ಮೆಯಿಂದಲೇ.

"ಅರೇ ಬಾಳೂ, ಅದು ಅಲ್ಲಾಡಿದ್ರ ಹೊಳ್ಳತೈತಿ! ರಬ್ಬರ್ ಎಲ್ಲಿ? ಎಸದೀಯೇನ?"

ಕಿಸೆಯಿಂದ ರಬ್ಬರ್ ತೆಗೆದು ಕೊಟ್ಟೆ. ಅವನು ನನ್ನನ್ನು ತಬ್ಬಿಕೊಳ್ಳುವುದೊಂದು ಬಾಕಿ. ವಾಡೆಯ ಹಿಂದೆ ಅರಿಷಿಣ ಒಣಗಿಸುವ ಸಿಮೆಂಟಿನ ಕಣ ಆಗಷ್ಟೇ ಖಾಲಿಯಾಗಿತ್ತು, ಅಲ್ಲಿ ಹೋಗಿ ಕುಳಿತೆವು. ಇಬ್ಬರೂ ಪಾನಾಕ್ಕೆ ಜೋತುಬಿದ್ದು ನಟ್ಟು ಬಿಚ್ಚಿದೆವು. ಬೇರಿಂಗುಗಳನ್ನು ಚಿಮಣಿ ಎಣ್ಣೆಯ ಬಟ್ಟಲಲ್ಲಿ ಹಾಕಿ ಅಲ್ಲಾಡಿಸಿದಾಗ ಕೀಲೆಣ್ಣೆ, ಹಿಟ್ಟು, ಅತ್ತಿಯ ಹಿಮ್ಮಡದ ಮಣ್ಣು ಎಲ್ಲ ಹೊರಬಂದವು. ಒರೆಸಿ, ಆರಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಬಿಟ್ಟೆವು. ಸನ್ಮತಿ ಪ್ರತಿಯೊಂದನ್ನೂ ಬೆರಳಿಗೆ ಸಿಕ್ಕಿಸಿ ನನ್ನ ಕಿವಿಯ ಹತ್ತಿರ ತಿರುಗಿಸಿ, "ಐಕ್," ಎಂದ. ಕೇಳು.

ಆಮೇಲೆ ಅವನು ಹತ್ತಿ ನಿಂತ. ಒಂದು ಕಾಲಿಂದ ನೂಕಿದ. ಕಣದ ತುದಿಗೆ ಇನ್ನೇನು ಬಿದ್ದ ಎನ್ನುವಾಗ ಹಿಮ್ಮಡದ ಮೇಲೆ ಸ್ವಲ್ಪ ಒರಗಿದ, ಹಲಿಗೆ ಅಚ್ಚಿನ ಮೇಲೆ ವಾಲಿತು, ನಾಲ್ಕು ಗಾಲಿಗಳೂ ಮಾತಾಡಿಕೊಂಡವರಂತೆ ಹೊರಳಿ ಅವನು ನನ್ನ ಕಡೆಗೇ ಬಂದ. ನಾನು ಐಬು ಎಂದು ತೋರಿಸಿ ಬಿಡಿ ಗಾಲಿ ಕಿತ್ತುಕೊಂಡೆನಲ್ಲ, ಮಿಸ್ತ್ರಿ ಕಬ್ಬಿಣ ತುಂಬಿ ಕೊಂದನಲ್ಲ, ಆ ಓಲಾಟವೇ ಅದರ ಲಗಾಮು. ಅಷ್ಟು ಹೊತ್ತಿಗೆ ಮಾಮಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. "ಎಲಾ ಇದರ!" ಎಂದ.

"ನೀ ಹತ್ತು," ಎಂದ ಸನ್ಮತಿ.

ಹತ್ತಿದೆ, ಬಿದ್ದೆ. ಮತ್ತೆ ಹತ್ತಿ ಮತ್ತೆ ಬಿದ್ದೆ. ಮೊಣಕೈ ತರಚಿತು. ಮಾಮಾ ನಗುತ್ತಿದ್ದ. ಕೊನೆಗೊಮ್ಮೆ ಕಣದ ನಡುವೆ ಹೋಗುತ್ತಿದ್ದಾಗ, ಹೆದರಿಕೆಯಿಂದಲೋ ಏನೋ, ಮೈ ಎಡಕ್ಕೆ ವಾಲಿತು. ಹಲಿಗೆ ಎಡಕ್ಕೆ ಹೊರಳಿತು. ಎತ್ತಾದರೆ ಹಗ್ಗ ಜಗ್ಗಬೇಕು, ಸೈಕಲ್ಲಾದರೆ ಹ್ಯಾಂಡಲ್ ತಿರುಗಿಸಬೇಕು. ಇದಕ್ಕೆ ನಾನು ಏನೂ ಹೇಳಿರಲಿಲ್ಲ. ವಾಲಿದೆ, ಅದು ಬಂತು. ಎದುರಿನ ಗೋಡೆ, ಬೇವಿನ ಗಿಡ, ಮಾಮಾನ ರುಮಾಲು ಎಲ್ಲ ಮೆಲ್ಲಗೆ ಪಕ್ಕಕ್ಕೆ ಸರಿದವು. ಹುಟ್ಟಿದಾಗಿನಿಂದ ಚೌಕಾಸಿ ಮಾಡಿಯೇ ಎಲ್ಲವನ್ನೂ ಪಡೆದವನು ನಾನು. ಕೇಳದೆ ಸಿಕ್ಕದ್ದು ಅದೊಂದೇ.

ಇಳಿದಾಗ ಸನ್ಮತಿ ಎದುರು ನಿಂತಿದ್ದ. "ಬಾಳೂ, ವಾಪಸ್ ಕೊಡು. ಸೈಕಲ್ ನಿನ್ನದ ನೀ ತಗೋ. ಮತ್ತ ಇದನ್ನೂ ತಗೋ," ಎಂದು ಮುಂಗೈಯ ಗಡಿಯಾರ ಬಿಚ್ಚಿದ.

ಸೈಕಲ್ಲಿಗೆ ಸೈಕಲ್, ಮೇಲೆ ಗಡಿಯಾರ. ಕಣ್ಣಿಲ್ಲದವನಿಗೂ ಕಾಣುವ ಫಾಯದೆ. ಅದೂ ಸಂತೆಯ ಹಿಂದಿನ ದಿನ. ಮಾಮಾ ಗೋಡೆ ಬಿಟ್ಟು ಮುಂದೆ ಬಂದ. ಹೆಗಲಿನ ಟವೆಲ್ ತೆಗೆದು ಒಮ್ಮೆ ಝಾಡಿಸಿ ಮುಂಗೈ ಮೇಲೆ ಹಾಸಿದ.

"ಬಾ ಬಾಳಪ್ಪಾ, ಕೈ ಇಡು. ಮುಗಸೂಣು."

ಬಾಳ್ಯಾ ಎನ್ನದೆ ಬಾಳಪ್ಪಾ ಎಂದಿದ್ದ. ಟವೆಲ್ಲಿನ ಕೆಳಗೆ ಅವನ ಬೆರಳುಗಳು ನನಗಾಗಿ ಕಾಯುತ್ತಿದ್ದವು. ನನ್ನ ಕೈ ಹೋಗಬೇಕಿತ್ತು. ಅದು ಹಲಿಗೆಯ ಅಂಚು ಹಿಡಿದುಕೊಂಡಿತ್ತು.

"ಇಲ್ಲ ಮಾಮಾ," ಎಂದೆ. "ಇದನ್ನ ಕೊಡೂದಿಲ್ಲ."

"ಯಾಕ?"

"ಗೊತ್ತಿಲ್ಲ."

"ಇನ್ನೂ ಏನರೆ ಹೆಚ್ಚಿಗಿ ಬೇಕೇನ? ಹಂಗರ ಹೇಳು, ಕೇಳೂಣು."

"ಇಲ್ಲ. ಹಂಗಲ್ಲ."

ಸನ್ಮತಿ ನನ್ನನ್ನು ನೋಡಿದ, ಹಲಿಗೆಯನ್ನು ನೋಡಿದ, ಆಮೇಲೆ ನಿಧಾನವಾಗಿ ಗಡಿಯಾರ ಕಟ್ಟಿಕೊಂಡ. ಅವನಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ. ನನಗೆ ಆಗಿರಲಿಲ್ಲ. ಮಾಮಾ ಟವೆಲ್ ಮಡಿಚಿ ಹೆಗಲಿಗೆ ಹಾಕಿಕೊಂಡ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಎದುರು ಹೇಳುತ್ತಿದ್ದೆ. ಅವನು ಮೆತ್ತಗೇ ಹೇಳಿದ.

"ಮಾಲಿನ ಮ್ಯಾಲ ಜೀವ ಇಟ್ಟಾಂವ ದಲಾಲ ಆಗೂದಿಲ್ಲ ಬಾಳ್ಯಾ. ಮುಂಜಾನೆ ಚಿಕ್ಕೋಡಿ ಬಸ್ ಐತಿ."

ಅವನು ಅಥಣಿಯ ದಾರಿ ಹಿಡಿದ ಹೊತ್ತಿಗೆ ನಾನು ಹಲಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿದ್ದೆ. ಕಂಡಕ್ಟರ್ ಇದೇನೆಂದು ಕೇಳಿದ. ಚಿಕ್ಕೋಡಿಗೆ ಒಂದು ಟಿಕೆಟು ಕೊಡಿ ಎಂದೆ.

ಆಮೇಲೆ ಅಪ್ಪನ ಹೊಲದಲ್ಲಿ ಕಬ್ಬಿನ ಒಣಗರಿ, ಅಂದರೆ ರವದಿ, ಸುಲಿದೆ. ಸಂಜೆ ಹೊತ್ತು ಡಾಂಬರು ರಸ್ತೆಯಲ್ಲಿ ಉರುಳಿದೆ. ಕಬ್ಬಿನ ಗಾಡಿಗಳ ಧೂಳಿಗೆ ಬೇರಿಂಗು ಹೋದಾಗ ಅದರ ಅಂಚಿನ ಮೇಲೆ ಕೊರೆದ ನಂಬರು ಓದಿಕೊಂಡು ಇಚಲಕರಂಜಿಯ ಮಗ್ಗದ ಸಾಮಾನಿನ ಅಂಗಡಿಗಳನ್ನೆಲ್ಲ ತಿರುಗಿದೆ. ಅದೇ ಬೇರಿಂಗು ಸಣ್ಣ ಮೋಟರುಗಳಿಗೂ ಬರುತ್ತದೆ ಎಂದು ಅಲ್ಲಿ ತಿಳಿಯಿತು. ನನಗೆ ಬೇಕಾದ್ದಕ್ಕಿಂತ ಹೆಚ್ಚು ತಂದೆ, ಊರಲ್ಲಿ ಮೋಟರು ರಿಪೇರಿ ಮಾಡುವವರಿಗೆ ಕೊಟ್ಟೆ. ಹಾಗೆ ಶುರುವಾದದ್ದು ನಿಪ್ಪಾಣಿಯ ಅಂಗಡಿಯವರೆಗೆ ಬಂದಿದೆ. ಹಾಗಾದರೆ ಹಲಿಗೆ ಲಾಭದ್ದಾಯಿತಲ್ಲ ಎನ್ನುತ್ತೀರಿ. ಆದರೆ ಅಂದು ಕೈ ಹಿಡಿದು ನಿಲ್ಲಿಸಿದ್ದು ಲಾಭವಲ್ಲ. ಅಂಗಡಿ ಆಗಬಹುದೆಂದು ನನಗೆ ಕನಸೂ ಬಿದ್ದಿರಲಿಲ್ಲ. ಅಥಣಿ ಸಂತೆಯ ದಿನ ಬಂದರೆ ಈಗಲೂ ನನ್ನ ಬಲಗೈಗೆ ಏನೋ ಕಳೆದುಕೊಂಡಂತೆ ಆಗುತ್ತದೆ. ಹಾಗಾದರೆ ಲುಕ್ಸಾನೇ? ಅದಕ್ಕೂ ಹೂಂ ಎನ್ನಲು ಬಾಯಿ ಬರುವುದಿಲ್ಲ. ಜನರಿಗೆ ಲಾಭ-ಲುಕ್ಸಾನು ಬಿಡಿಸಿ ಹೇಳಿಯೇ ಹೊಟ್ಟೆ ಹೊರೆಯುವವನು ನಾನು. ನನ್ನದೊಂದು ವ್ಯಾಪಾರ ಮಾತ್ರ ಬಗೆಹರಿದಿಲ್ಲ.

ಇರಲಿ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದು ತರುವ ಕಾಲ ಬಂದಿದೆ, ಆದ್ದರಿಂದ ಬಲ್ಲಷ್ಟು ಹೇಳಿಬಿಡುತ್ತೇನೆ. ಗಾಲಿ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ, ಉಗುರಿನಿಂದ ಒತ್ತಿ ನೋಡಿ. ನಮ್ಮ ರಸ್ತೆಗಳಿಗೆ ದೊಡ್ಡವೂ ಸ್ವಲ್ಪ ಮೆತ್ತನೆಯವೂ ಬೇಕು. ಗಟ್ಟಿ ಗಾಲಿ ಒಂದು ಹರಳಿಗೆ ನಿಂತುಬಿಡುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ. ಒಂದೇ ಕಡೆ ಸವೆಯತೊಡಗಿದರೆ ಮುಂದಿನ ಬಲದ್ದನ್ನು ಹಿಂದಿನ ಎಡಕ್ಕೆ, ಒಳಮೈ ಹೊರಗಾಗುವಂತೆ ತಿರುವಿ ಹಾಕಿ, ಇನ್ನಷ್ಟು ದಿನ ಬರುತ್ತವೆ. ಬೇರಿಂಗಿಗೆ ಗ್ರೀಸು ಮೆತ್ತಬೇಡಿ, ಅದು ಧೂಳಿಗೆ ಕರೆಕಳಿಸಿದಂತೆ. ಚಿಮಣಿ ಎಣ್ಣೆಯಲ್ಲಿ ತೊಳೆದು ಪೂರ್ತಿ ಆರಿದ ಮೇಲೆ ಮಶಿನ್ ಎಣ್ಣೆ ಒಂದು ಹನಿ ಸಾಕು. ಮಳೆನೀರಿನಲ್ಲಿ ಓಡಿಸಿದರೆ ಅಂದೇ ಬಿಚ್ಚಿ ಒರೆಸಿ. ರಬ್ಬರ್ ಬಳೆ ಒ​ಡೆದರೆ ಒಂದನ್ನೇ ಬದಲಿಸಿ ಉಳಿಸಿದೆ ಎಂದುಕೊಳ್ಳಬೇಡಿ, ಜೋಡಿಯಾಗಿ ಹಾಕಿ. ನಡುವಿನ ನಟ್ಟನ್ನು ಕುಳಿತು ಬಿಗಿಯಬಾರದು. ಬಿಗಿದು, ಮೇಲೆ ನಿಂತು ವಾಲಿ ನೋಡಿ, ಮತ್ತೆ ಸಡಿಲಿಸಿ. ಹಗುರ ಮೈಯವರಿಗೆ ಸಡಿಲ, ಭಾರದವರಿಗೆ ಬಿಗಿ. ಅಂಗಡಿಯವನು ಇಡೀ ಸೆಟ್ಟೇ ತಗೊಳ್ಳಿ ಎಂದರೆ ಕೆಟ್ಟುಹೋದ ಭಾಗ ಅಷ್ಟೇ ಕೇಳಿ. ಕೊಡುತ್ತಾನೆ, ನಾನೂ ಕೊಡುತ್ತೇನೆ.

ಕೊನೆಯದಾಗಿ, ಇದು ಹಲಿಗೆಗಷ್ಟೇ ಅಲ್ಲ, ನೀವು ಯಾವ ವ್ಯಾಪಾರಕ್ಕೆ ಕೈಹಾಕಿದರೂ ಸರಿಯೇ. ಮಾರಬೇಕೆಂದು ತಂದ ಮಾಲನ್ನು ತಟ್ಟಿ ನೋಡಿ, ತಿರುವಿ ನೋಡಿ, ಬೇಕಾದರೆ ನೆಕ್ಕಿ ನೋಡಿ. ಅದರ ಮೇಲೆ ಮಾತ್ರ ಹತ್ತಬೇಡಿ. ಹತ್ತಲೇಬೇಕಿದ್ದರೆ ಮೊದಲು ಮಾರಿಬಿಡಿ, ಆಮೇಲೆ ಒಂದು ಸುತ್ತು ಹೊಡೆಯಲು ಕೊಂಡವನನ್ನೇ ಕೇಳಿ.